ಎಸ್.ಜೆ. ಎಂದರೆ ಡಿಗ್ರಿಯಲ್ಲ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: "ಮೊಮ್ಮಗಳನ್ನು ಕ್ರೈಸ್ತರು ನಡೆಸುವ ವಿಶ್ವವಿದ್ಯಾಲಯಕ್ಕೆ ಸೇರಿಸುವ ಯೋಚನೆ ಇದೆ. ವೆಬ್‌ಸೈಟ್‌ನಲ್ಲಿ ಅಧ್ಯಾಪಕರ ಪಟ್ಟಿ ನೋಡಿದೆ. ಕೆಲವರ ಹೆಸರಾದ ಮೇಲೆ ಎಸ್.ಜೆ., ಸಿ.ಎಂ.ಐ. ಎಂದಿದೆ. ಇವು ಯಾವ ಡಿಗ್ರಿ? ಪಾಠ ಹೇಳುವವರೆಲ್ಲ ಫಾದರ್, ಸಿಸ್ಟರ್‌ಗಳೇ? ಎಂ.ಎಸ್ಸಿ. ಮಾಡಿ ಕೆ-ಸೆಟ್ ಪಾಸಾಗಿರುವ ನನ್ನ ಕಿರಿ ಮಗಳು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದೇ, ಇಲ್ಲ ಅವರವರೇ ಹಂಚಿಕೊಳ್ಳುತ್ತಾರೆಯೇ? ಅಮೆರಿಕದಲ್ಲಿ ನಂಬಿಕೆಯ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಕೆಲಸ ಎಂದು ಅಲ್ಲಿರುವ ನೆಂಟರು ಹೇಳುತ್ತಾರೆ."

ಸಂಪಾದಕರ ಉತ್ತರ:

ಮಾನ್ಯರೇ,

ಎಸ್.ಜೆ., ಸಿ.ಎಂ.ಐ. ಡಿಗ್ರಿಗಳಲ್ಲ, ಮನೆತನದ ಹೆಸರಿದ್ದಂತೆ. ಫಾದರ್‌ಗಳು ಸೇರಿರುವ ಸಂನ್ಯಾಸಿ ಸಂಘದ, ಅಂದರೆ 'ಸಭೆ'ಯ ಗುರುತು. ಎಸ್.ಜೆ. ಎಂದರೆ ಯೇಸುಸಭೆಯವರು, ಅಂದರೆ ಜೆಸ್ವಿಟರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯ ಅವರದು. 1880ರಲ್ಲಿ ಶುರುವಾಗಿ 2024ರಲ್ಲಿ ಡೀಮ್ಡ್ (ವಿಶ್ವವಿದ್ಯಾಲಯವೆಂದು ಪರಿಗಣಿತ) ಆದ ಮಂಗಳೂರಿನ ಸೇಂಟ್ ಅಲೋಶಿಯಸ್ ಕೂಡ ಅವರದೇ. ಸಿ.ಎಂ.ಐ. ಎಂದರೆ ಕೇರಳ ಮೂಲದ ಕಾರ್ಮೆಲೈಟ್ ಸಭೆ. 2008ರಲ್ಲಿ ಡೀಮ್ಡ್ ಆದ ಬೆಂಗಳೂರಿನ ಕ್ರೈಸ್ಟ್ ಇವರದು. ಎಸ್.ಡಿ.ಬಿ. ಎಂದು ಕಂಡರೆ ಡಾನ್ ಬಾಸ್ಕೊ ಸಭೆಯವರು. ಫಾದರ್ ಎಂದಿದ್ದೂ ಹೆಸರಾದ ಮೇಲೆ ಅಕ್ಷರಗಳಿಲ್ಲದಿದ್ದರೆ ಅವರು ಯಾವ ಸಭೆಗೂ ಸೇರದೆ ನೇರವಾಗಿ ಬಿಷಪ್ಪರ ಕೆಳಗಿರುವ ಧರ್ಮಪ್ರಾಂತ್ಯದ ಗುರುಗಳು. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜು, 1946ರದು, ಮೈಸೂರು ಧರ್ಮಪ್ರಾಂತ್ಯದ್ದು. ಅಲ್ಲಿನ ಫಾದರ್‌ಗಳ ಹೆಸರಿನ ಹಿಂದೆ ಬಾಲ ಇಲ್ಲವೆಂದು ಓದು ಕಮ್ಮಿ ಎಂದುಕೊಳ್ಳಬೇಡಿ.

ಬಿ.ಪಿಎಚ್., ಬಿ.ಟಿಎಚ್., ಎಸ್.ಟಿ.ಎಲ್. ಮಾತ್ರ ನಿಜವಾದ ಪದವಿಗಳೇ. ತತ್ತ್ವಶಾಸ್ತ್ರ, ದೇವತಾಶಾಸ್ತ್ರದಲ್ಲಿ ಚರ್ಚಿನ ವಿದ್ಯಾಪೀಠಗಳು ಕೊಡುವಂಥವು. ಗುರುದೀಕ್ಷೆಗೆ ಇವು ಬೇಕು, ರಸಾಯನಶಾಸ್ತ್ರ ಪಾಠ ಹೇಳಲು ಸಾಲವು. ಕೆಮಿಸ್ಟ್ರಿ ಹೇಳುವ ಫಾದರ್ ಆದರೆ ಬಿ.ಟಿಎಚ್. ಪಕ್ಕದಲ್ಲಿ ಎಂ.ಎಸ್ಸಿ.ಯೂ ಅದರ ಜೊತೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ದೇಶದ್ದು), ಕೆ-ಸೆಟ್ (ರಾಜ್ಯದ್ದು) ಅಥವಾ ಪಿಎಚ್.ಡಿ.ಯೂ ಇರಬೇಕು. ಜೆಸ್ವಿಟರಲ್ಲಿ ದೀಕ್ಷೆಯಾಗುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಓದಾಗಿರುತ್ತದೆ. ಹಾಗಾಗಿ ನಲವತ್ತು ದಾಟಿದ ಫಾದರ್‌ಗೆ ಬೋಧನಾನುಭವ ಐದೇ ವರ್ಷ ಎಂದಿದ್ದರೆ ಅದರಲ್ಲಿ ಅನುಮಾನ ಪಡುವಂಥದ್ದೇನಿಲ್ಲ.

ಇನ್ನು ಎಲ್ಲರೂ ಫಾದರ್, ಸಿಸ್ಟರ್‌ಗಳೇ ಎಂಬ ಪ್ರಶ್ನೆ. ಅಲ್ಲ. ಕುಲಾಧಿಪತಿ, ಕುಲಪತಿ, ಹಣಕಾಸು, ಹಾಸ್ಟೆಲ್ ವಾರ್ಡನ್‌ಗಿರಿಯಂಥ ಮನೆಯ ಬೀಗದ ಕೈಗಳು ಸಾಮಾನ್ಯವಾಗಿ ಸಭೆಯವರ ಹತ್ತಿರ. ತರಗತಿಯಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಸಂಸಾರಸ್ಥರು, ನಿಮ್ಮ ನಮ್ಮಂಥವರು. ಆಫೀಸಿನ ಗುಮಾಸ್ತರು, ಲ್ಯಾಬ್ ಅಟೆಂಡರ್‌ಗಳು ಸುತ್ತಲ ಊರಿನವರು. ಹೆಸರು ನೋಡಿ ಧರ್ಮ ಲೆಕ್ಕ ಹಾಕುವುದು ನಮ್ಮ ಸೀಮೆಯಲ್ಲಿ ಆಗದ ಕೆಲಸ. ಹಳೇ ಕಥೋಲಿಕ ಮನೆಗಳಲ್ಲಿ ರಾಯಪ್ಪ ಎಂದರೆ ಪೀಟರ್, ಚೌರಪ್ಪ ಎಂದರೆ ಕ್ಸೇವಿಯರ್, ಇನ್ನಾಸಪ್ಪ ಎಂದರೆ ಇಗ್ನೇಷಿಯಸ್, ಚಿನ್ನಪ್ಪ ಎಂದರೆ ಪೌಲ್. ಅದೇ ಚಿನ್ನಪ್ಪ ಕೊಡಗಿನವರಾದರೆ ಕಾವೇರಮ್ಮನ ಒಕ್ಕಲು. ಅಷ್ಟಕ್ಕೂ ಮೊಮ್ಮಗಳ ಓದಿಗೆ ಆ ಲೆಕ್ಕದಿಂದ ಏನೂ ಸಿಗುವುದಿಲ್ಲ. ಬೇಕಾದ ಲೆಕ್ಕ ಬೇರೆ ಕಡೆ ಇದೆ.

ಸಂಸ್ಥೆಯ ವೆಬ್‌ಸೈಟಿನ ತಳಭಾಗದಲ್ಲಿ 'ಎನ್‌ಐಆರ್‌ಎಫ್' ಎಂಬ ಕೊಂಡಿ ಇರುತ್ತದೆ. ಕೇಂದ್ರದ ರ‍್ಯಾಂಕಿಂಗ್‌ಗೆ ಕೊಟ್ಟ ಮಾಹಿತಿಯ ಪಿಡಿಎಫ್ ಅದು. ವಿದ್ಯಾರ್ಥಿ ಸಂಖ್ಯೆ, ಖರ್ಚುವೆಚ್ಚ ಎಲ್ಲ ದಾಟಿ ಕೊನೆಗೆ ಬನ್ನಿ. ಅಧ್ಯಾಪಕರ ಉದ್ದನೆಯ ಕೋಷ್ಟಕ ಸಿಗುತ್ತದೆ: ಹೆಸರು, ವಯಸ್ಸು, ಹುದ್ದೆ, ವಿದ್ಯಾರ್ಹತೆ, ಅನುಭವ, ಸೇರಿದ ದಿನ, ಬಿಟ್ಟ ದಿನ, ನೇಮಕಾತಿಯ ಬಗೆ. ಅನುಭವವನ್ನು ತಿಂಗಳಲ್ಲಿ ಬರೆದಿರುತ್ತಾರೆ. 184 ಎಂದಿದ್ದರೆ 12ರಿಂದ ಭಾಗಿಸಿ, 15 ವರ್ಷ 4 ತಿಂಗಳು. ಆದರೆ ಅದು ಅವರು ಎಲ್ಲೆಲ್ಲೋ ಮಾಡಿದ ಒಟ್ಟು ಅನುಭವ. ಈ ಸಂಸ್ಥೆಯಲ್ಲಿ ಎಷ್ಟು ದಿನದಿಂದ ಇದ್ದಾರೆ ಎಂಬುದು 'ಸೇರಿದ ದಿನ'ದಲ್ಲಿದೆ. ನೀವು ಬೆರಳಿಟ್ಟು ಓದಬೇಕಾದ ಕಾಲಂ ಅದೇ. ವಿಭಾಗದ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಮೊಮ್ಮಗಳು ಸೇರುವ ವಿಭಾಗದ ಪುಟ ಪಕ್ಕದಲ್ಲಿ ತೆರೆದಿಟ್ಟುಕೊಂಡು ಹೆಸರು ತಾಳೆ ಹಾಕಿ. 12 ಜನರಲ್ಲಿ 7 ಜನ ಹೋದ ಜೂನ್, ಜುಲೈನಲ್ಲಿ ಸೇರಿದವರಾದರೆ ಆ ವಿಭಾಗದಲ್ಲಿ ಜನ ನಿಲ್ಲುತ್ತಿಲ್ಲ ಎಂದರ್ಥ. ಹೊಸ ಕೋರ್ಸ್ ಶುರುವಾಗಿದ್ದರೂ ಹೀಗಾಗುತ್ತದೆ, ಅದನ್ನು ವಿಚಾರಿಸಿ. ನೇಮಕಾತಿಯ ಬಗೆಯಲ್ಲಿ ರೆಗ್ಯುಲರ್ ಎಷ್ಟು, ಕಾಂಟ್ರಾಕ್ಟ್ ಎಷ್ಟು, ವಿಸಿಟಿಂಗ್ ಎಷ್ಟು ಎಣಿಸಿ. ವಿಭಾಗದ ಪುಟದಲ್ಲಿದ್ದು ಇಲ್ಲಿಲ್ಲದ ಹೆಸರು ನಿವೃತ್ತರದ್ದೋ ಬಿಟ್ಟುಹೋದವರದ್ದೋ ಆಗಿರಬಹುದು, ಪುಟ ತಿದ್ದಿರುವುದಿಲ್ಲ. ಪಿಎಚ್.ಡಿ. ಎಂಬುದು ಆವರಣ ಚಿಹ್ನೆಯೊಳಗಿದ್ದರೆ ಇನ್ನೂ ಮುಗಿದಿಲ್ಲ ಎಂದೇ ಓದಿಕೊಳ್ಳಿ. ಮುಗಿದಿದ್ದರೆ ಬಹಳಷ್ಟು ಪ್ರಬಂಧಗಳು 'ಶೋಧಗಂಗಾ' ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಎನ್‌ಐಆರ್‌ಎಫ್‌ಗೆ ಹೋಗದ ಸಂಸ್ಥೆಯಾದರೆ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವರ್ಷ ವರ್ಷ ಕಳಿಸುವ ಎ.ಕ್ಯೂ.ಎ.ಆರ್. ವರದಿಯಲ್ಲಿ ಅಧ್ಯಾಪಕರ ವಿವರವಿರುವ 2.4 ಎಂಬ ಭಾಗ ನೋಡಿ.

ಪ್ರಾರ್ಥನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆ ಒಪ್ಪಿಗೆಯಿಲ್ಲದೆ ಯಾವ ವಿದ್ಯಾರ್ಥಿಯನ್ನೂ ಪೂಜೆಗೋ ಧರ್ಮಬೋಧನೆಗೋ ಕೂರಿಸುವಂತಿಲ್ಲ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಪೀರಿಯಡ್‌ನಲ್ಲಿ ಮೌಲ್ಯಶಿಕ್ಷಣ ಎನ್ನುವುದು ಬಹಳ ಕಡೆ ಇರುವ ರೂಢಿ.

ಈಗ ಮಗಳ ವಿಷಯ. ಧಾರಾಳವಾಗಿ ಅರ್ಜಿ ಹಾಕಲಿ. 30(1)ನೇ ವಿಧಿಯಂತೆ ಅಲ್ಪಸಂಖ್ಯಾತ ಆಡಳಿತ ಮಂಡಳಿಗೆ ತನ್ನ ಅಧ್ಯಾಪಕರನ್ನು ತಾನೇ ಆರಿಸುವ ಹಕ್ಕಿದೆ. ಕನಿಷ್ಠ ಅರ್ಹತೆಯನ್ನು ಮಾತ್ರ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಗೊತ್ತು ಮಾಡುತ್ತದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದರ ಸಾರವೂ ಅದೇ. ಸಮಾನ ಅರ್ಹತೆಯ ಇಬ್ಬರಿದ್ದರೆ ತಮ್ಮವರತ್ತ ಒಲವು ತೋರಬಹುದು, ಅದನ್ನು ಮುಚ್ಚಿಡುವುದೇಕೆ. ಆದರೆ ರಸಾಯನಶಾಸ್ತ್ರದಂಥ ವಿಷಯದಲ್ಲಿ ನೆಟ್ ಆದ ಕ್ರೈಸ್ತರು ಸಾಲುಗಟ್ಟಿ ನಿಂತಿರುವುದಿಲ್ಲ ಎಂಬುದು ಆಡಳಿತ ಮಂಡಳಿಗೂ ಗೊತ್ತು.

ಯುಜಿಸಿಯ 2018ರ ನಿಯಮದಲ್ಲಿ ಸಂದರ್ಶನಕ್ಕೆ ಕರೆಯಲು ಅಂಕಪಟ್ಟಿ ಇದೆ. ಕಾಲೇಜಿಗೆ ಒಂದು, ವಿಶ್ವವಿದ್ಯಾಲಯಕ್ಕೆ ಇನ್ನೊಂದು. ಬಿ.ಎಸ್ಸಿ.ಯಲ್ಲಿ ಶೇ. 72, ಎಂ.ಎಸ್ಸಿ.ಯಲ್ಲಿ ಶೇ. 68, ಕೆ-ಸೆಟ್, ಎರಡು ವರ್ಷದ ಅನುಭವ ಎಂದಿಟ್ಟುಕೊಳ್ಳಿ. ಕಾಲೇಜಿನ ಪಟ್ಟಿಯಲ್ಲಿ 19, 23, 5, 4 ಸೇರಿ 51. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ 13, 23, 3, 4 ಸೇರಿ 43. ಅಲ್ಲಿ ಪಿಎಚ್.ಡಿ. ಒಂದಕ್ಕೇ 30, ಕಾಲೇಜಿನಲ್ಲಿ 25. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು ಎಂದು ಯುಜಿಸಿ ಹೇಳಿದ್ದು ನಿಜ. ಆದರೂ ಕರೆ ಬರುವ ಸಾಲಿನಲ್ಲಿ ಪಿಎಚ್.ಡಿ. ಇಲ್ಲದವರು ಹಿಂದೆ ಬೀಳುವುದು ಈ 30ರಿಂದಲೇ. ಈ ಅಂಕ ಬಾಗಿಲವರೆಗೆ ಮಾತ್ರ. ಒಳಗೆ ಸಂದರ್ಶನ, ಡೆಮೊ ಪಾಠ ನೋಡಿಯೇ ಆಯ್ಕೆ. ಕೆ-ಸೆಟ್ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ. ಕ್ರೈಸ್ಟ್‌ನ ಲವಾಸಾ ಅಥವಾ ದೆಹಲಿ ಕಡೆಯ ಕ್ಯಾಂಪಸ್‌ಗೆ ಹಾಕುವುದಾದರೆ ನೆಟ್ ಬೇಕು.

ಅಮೆರಿಕದ ನೆಂಟರು ಹೇಳಿದ್ದು ಸುಳ್ಳಲ್ಲ. ಇಲಿನಾಯ್‌ನ ವೀಟನ್ ಕಾಲೇಜಿನಂಥ ಕಡೆ ಅಧ್ಯಾಪಕರು ನಂಬಿಕೆಯ ಹೇಳಿಕೆಗೆ ಪ್ರತಿವರ್ಷ ಸಹಿ ಹಾಕಬೇಕು. ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯ್ದೆ ಧಾರ್ಮಿಕ ಸಂಸ್ಥೆಗಳಿಗೆ ಆ ವಿನಾಯಿತಿ ಕೊಟ್ಟಿದೆ. ನಮ್ಮ ಕಡೆ ಫಾದರ್‌ಗಳನ್ನು ತಯಾರು ಮಾಡುವ ಗುರುಮಠಗಳನ್ನು ಬಿಟ್ಟರೆ ಪದವಿ ತರಗತಿಗಳ ಅಧ್ಯಾಪಕರಿಗೆ ಆ ರೂಢಿಯಿಲ್ಲ.

ಮಗಳು ವಿಚಾರಿಸಬೇಕಾದ್ದು ಹುದ್ದೆ ಸರ್ಕಾರ ಸಂಬಳ ಕೊಡುವ ಅನುದಾನಿತವೋ ಮ್ಯಾನೇಜ್‌ಮೆಂಟಿನದೋ ಎಂಬುದನ್ನು. ಯುಜಿಸಿ ಶ್ರೇಣಿಯಾದರೆ ಮೂಲವೇತನ 57,700ರಿಂದ ಶುರು, ಪ್ರೊಬೇಷನ್ ಒಂದು ವರ್ಷ, ಹೆಚ್ಚೆಂದರೆ ಇನ್ನೊಂದು ವರ್ಷ. 'ಕನ್ಸಾಲಿಡೇಟೆಡ್', ಅಂದರೆ ಭತ್ಯೆಗಳಿಲ್ಲದ ಒಂದೇ ಮೊತ್ತ, ಎಂದಿದ್ದರೆ ಕೈಗೆ ಬರುವುದು ಬಹಳ ಕಮ್ಮಿ, ಜೊತೆಗೆ ಕಾಣದ ಏಟೊಂದಿದೆ: ರೆಗ್ಯುಲರ್ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಪಡೆದ ತಾತ್ಕಾಲಿಕ ಸೇವೆಯನ್ನು ಮುಂದೆ ಬಡ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐದು ವರ್ಷ ದುಡಿದ ಮೇಲೆ ಇದು ಗೊತ್ತಾಗಿ ಕಣ್ಣೀರು ಹಾಕಿದವರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ನೇಮಕಾತಿ ಆದೇಶದಲ್ಲಿ ಹುದ್ದೆಯ ಹೆಸರು, ವೇತನ, ಪಿ.ಎಫ್., ಬಿಡಬೇಕಾದರೆ ಕೊಡಬೇಕಾದ ನೋಟಿಸಿನ ಅವಧಿ, ಈ ನಾಲ್ಕೂ ಅಚ್ಚಾಗಿರಲಿ. ಸಹಿ, ಮೊಹರಿರುವ ಆ ಪ್ರತಿ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಬರೆಯುವುದು ಬೇಡ.