ಗಾಳಿ ಎಲ್ಲಿಂದ, ಹೊಗೆ ಎಲ್ಲಿಗೆ? ಗ್ಯಾಸ್ ಫೈರ್‌ಪ್ಲೇಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಹೊಸ ಗ್ಯಾಸ್ ಫೈರ್‌ಪ್ಲೇಸ್ ಹಾಕಿಸಬೇಕು ಅಂತಿದ್ದೇವೆ. ಅಂಗಡಿಯಲ್ಲಿ ‘ಡೈರೆಕ್ಟ್ ವೆಂಟ್’ ಒಂದು, ‘ಬಿ-ವೆಂಟ್’ ಒಂದು ತೋರಿಸಿದರು. ಎರಡಕ್ಕೂ ಪೈಪ್ ಇದೆ, ಎರಡೂ ಹೊಗೆಯನ್ನು ಹೊರಗೇ ಬಿಡುತ್ತವೆ. ಹಾಗಿದ್ದರೆ ಯಾವುದಾದರೇನು, ಅಲ್ವಾ?

ಉತ್ತರ: ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಉರಿಯುವುದಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಕೇಳುವವರು ಕಡಿಮೆ. ಇವೆರಡರ ವ್ಯತ್ಯಾಸ ಇರುವುದೇ ಅಲ್ಲಿ.

ಬಿ-ವೆಂಟ್ ಫೈರ್‌ಪ್ಲೇಸ್ ನೀವು ಕೂತಿರುವ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತದೆ. ಬಿಸಿ ಹೊಗೆ ತಾನಾಗಿಯೇ ಮೇಲೇರಿ ಚಿಮಣಿಯಿಂದ ಹೋಗುತ್ತದೆ. ಅದನ್ನು ಹಿಂದಿನಿಂದ ತಳ್ಳುವುದಕ್ಕೆ ಏನೂ ಇಲ್ಲ. ಈಗ ಕಿಟಕಿ, ಬಾಗಿಲು ಎಲ್ಲ ಭದ್ರವಾಗಿ ಮುಚ್ಚಿವೆ, ಅಡುಗೆಮನೆಯ ಎಕ್ಸಾಸ್ಟ್ ಜೋರಾಗಿ ತಿರುಗುತ್ತಿದೆ, ಬಾತ್‌ರೂಮಿನ ಫ್ಯಾನೂ ಓಡುತ್ತಿದೆ ಅಂದುಕೊಳ್ಳಿ. ಹೊರಗೆ ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲೇಬೇಕು. ದಾರಿ ಸಿಗದಿದ್ದರೆ ಅದು ಚಿಮಣಿಯಿಂದಲೇ ಕೆಳಗಿಳಿಯುತ್ತದೆ, ಹೊಗೆಯನ್ನೂ ಕರೆದುಕೊಂಡು.

ಬಿ-ವೆಂಟ್ ಈಗಾಗಲೇ ಇರುವವರು ಒಂದು ಪರೀಕ್ಷೆ ಮಾಡಬಹುದು. ಮನೆ ಪೂರ್ತಿ ಮುಚ್ಚಿ, ಎಲ್ಲ ಎಕ್ಸಾಸ್ಟ್ ಫ್ಯಾನ್ ಹಾಕಿ, ಫೈರ್‌ಪ್ಲೇಸ್ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಒಂದು ಊದುಬತ್ತಿಯನ್ನು ಅದರ ಬಾಯಿಯ ಮೇಲಿನ ಅಂಚಿಗೆ ಹಿಡಿಯಿರಿ. ಹೊಗೆಯ ಎಳೆ ಬಾಗಿ ಒಳಗೆ ಹೋದರೆ ಸರಿ. ನಿಮ್ಮ ಮುಖದ ಕಡೆ ತಿರುಗಿದರೆ ಆಗಲೇ ಆರಿಸಿ, ಕಿಟಕಿ ತೆರೆಯಿರಿ. ತಂತ್ರಜ್ಞರು ಬಂದು ನೋಡುವ ತನಕ ಹಚ್ಚಬೇಡಿ.

ಡೈರೆಕ್ಟ್ ವೆಂಟ್‌ನಲ್ಲಿ ಮುಂದಿನ ಗಾಜು ಬಿಗಿಯಾಗಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಪೈಪಿನೊಳಗೆ ಇನ್ನೊಂದು ಪೈಪ್ ಇರುತ್ತದೆ. ಒಳಗಿನದರಲ್ಲಿ ಹೊಗೆ ಹೋಗುತ್ತದೆ, ಅದರ ಸುತ್ತಲಿನದರಲ್ಲಿ ಹೊರಗಿನ ಗಾಳಿ ಬರುತ್ತದೆ. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಹೊಸದಾಗಿ ಹಾಕಿಸುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಇಲ್ಲಿ ಗಾಜು ಚೆಂದಕ್ಕೆ ಇರುವುದಲ್ಲ, ಅದು ಮುಚ್ಚಳ. ಸಣ್ಣ ಬಿರುಕು ಬಿಟ್ಟರೂ, ಸುತ್ತಲಿನ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಹರಿದರೂ ಹಚ್ಚುವ ಹಾಗಿಲ್ಲ.

ಕೂರಿಸುವ ದಿನ ಮನೆಯಲ್ಲೇ ಇರಿ. ಪರವಾನಗಿ ಇರುವ ಗ್ಯಾಸ್ ಫಿಟ್ಟರ್ ಕೈಯಲ್ಲೇ ಮಾಡಿಸಿ. ಪೈಪ್ ಎಷ್ಟು ಉದ್ದ ಇರಬಹುದು, ಎಷ್ಟು ಬೆಂಡ್ ಕೊಡಬಹುದು ಅಂತ ಆ ಮಾಡೆಲ್‌ನ ಕೈಪಿಡಿಯಲ್ಲಿ ಕೋಷ್ಟಕವೇ ಇರುತ್ತದೆ. “ಹಳೇ ಪೈಪೇ ನಡೆಯುತ್ತೆ ಬಿಡಿ” ಅಂದರೆ ಒಪ್ಪಬೇಡಿ. ಪೈಪಿನ ಸುತ್ತ ಗೋಡೆಯೊಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅದು ಸುಮ್ನೆ ಬಿಟ್ಟ ಜಾಗ ಅಲ್ಲ, ಮರಕ್ಕೆ ಶಾಖ ತಾಗದಿರಲಿ ಅಂತ ಬಿಟ್ಟಿದ್ದು. ಅದರಲ್ಲಿ ಹತ್ತಿ, ಫೋಮ್ ಏನನ್ನೂ ತುರುಕಬೇಡಿ.

ಪೈಪಿನ ಹೊರಗಿನ ಬಾಯಿಯನ್ನು ಆಗಾಗ ನೋಡುತ್ತಿರಿ. ಒಂದು ಮನೆಗೆ ಹೋದಾಗ ಜ್ವಾಲೆ ಬರ್ನರ್ ಬಿಟ್ಟು ಮೇಲೆದ್ದು, ಸೋಮಾರಿ ದೆವ್ವದ ಹಾಗೆ ತೇಲಾಡುತ್ತಿತ್ತು. ಬೆಂಕಿಗೆ ಉಸಿರು ಕಟ್ಟಿದರೆ ಹೀಗಾಗುತ್ತದೆ. ಆರಿಸಿ ಹಿತ್ತಲಿಗೆ ಹೋದೆ. ವೆಂಟ್ ಕ್ಯಾಪ್ ನೋಡೋಕೆ ಚೆನ್ನಾಗಿಲ್ಲ ಅಂತ ಮನೆಯವರು ಅದರ ಮೇಲೆ ಬಳ್ಳಿ ಹಬ್ಬಿಸಿದ್ದರು! ಹಿಮ, ಹಕ್ಕಿಗೂಡು, ಕಣಜದ ಗೂಡು, ಒಣ ಎಲೆ, ಏನು ಮುಚ್ಚಿದರೂ ಕಥೆ ಇದೇ.

ಪ್ರಶ್ನೆ: ನಮ್ಮ ಮನೆಗೆ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ಸ್ನೇಹಿತರು ಎಲ್‌ಪಿಜಿಯಲ್ಲಿ ಉರಿಯುತ್ತಿದ್ದ ಫೈರ್‌ಪ್ಲೇಸ್ ಕೊಡುತ್ತೇನೆ ಅಂದಿದ್ದಾರೆ. ಜೋಡಿಸಬಹುದೇ?

ಉತ್ತರ: ಇದ್ದ ಹಾಗೇ ಜೋಡಿಸಬೇಡಿ. ಅಷ್ಟೇ ಗಾತ್ರದ ನೈಸರ್ಗಿಕ ಅನಿಲಕ್ಕಿಂತ ಎಲ್‌ಪಿಜಿ ಸುಮಾರು ಎರಡೂವರೆ ಪಟ್ಟು ಶಾಖ ಕೊಡುತ್ತದೆ. ಅದಕ್ಕೇ ಅದರ ಗ್ಯಾಸ್ ಚಿಮ್ಮುವ ಜೆಟ್ಟಿನ ತೂತು ಚಿಕ್ಕದು, ಒತ್ತಡ ಜಾಸ್ತಿ. ನಿಮ್ಮ ಮನೆಯಲ್ಲಿ ಅದು ಉರಿದರೂ ಮಿಣಮಿಣ ಉರಿಯುತ್ತದೆ. ಇದರ ಉಲ್ಟಾ, ಅಂದರೆ ನೈಸರ್ಗಿಕ ಅನಿಲದ ಫೈರ್‌ಪ್ಲೇಸಿಗೆ ಎಲ್‌ಪಿಜಿ ಕೊಡುವುದು, ನಿಜಕ್ಕೂ ಭಯದ ವಿಷಯ. ಜ್ವಾಲೆ ಭುಗಿಲೇಳುತ್ತದೆ, ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಆ ಮಾಡೆಲ್‌ಗೆ ತಯಾರಕರದೇ ಕನ್ವರ್ಷನ್ ಕಿಟ್ ಇದ್ದರೆ ಫಿಟ್ಟರ್ ಕೈಯಲ್ಲಿ ಹಾಕಿಸಿ. ಕಿಟ್ ಇಲ್ಲದಿದ್ದರೆ ಸ್ನೇಹಿತರಿಗೆ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡಿ.

ಜೋಡಣೆ ಮುಗಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿಸಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಅಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಮಗುವಿಗೆ ಒಂದೂವರೆ ವರ್ಷ. ಗಾಜು ಮುಚ್ಚಿದೆ, ಬೆಂಕಿ ಕೈಗೆ ಸಿಗುವುದಿಲ್ಲ. ಆದರೂ ಅತ್ತೆ ಹೆದರುತ್ತಾರೆ.

ಉತ್ತರ: ಅತ್ತೆಯವರ ಮಾತು ಸರಿ. ಉರಿಯುವಾಗ ಆ ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆರಿಸಿದ ಮೇಲೂ ಒಂದು ಗಂಟೆಯ ತನಕ ಸುಡುವಷ್ಟು ಬಿಸಿ ಇರಬಹುದು. ಜ್ವಾಲೆ ಕಾಣುವುದಿಲ್ಲವಲ್ಲ, ಆಗಲೇ ಅಪಾಯ ಜಾಸ್ತಿ. ನಡೆಯಲು ಕಲಿಯುವ ಮಗು ಬೀಳುವಾಗ ಎದುರಿಗೆ ಸಿಕ್ಕಿದ್ದಕ್ಕೆ ಎರಡೂ ಅಂಗೈ ಊರುತ್ತದೆ. ಬಿಸಿ ತಾಗಿದರೆ ದೊಡ್ಡವರ ಹಾಗೆ ಥಟ್ಟನೆ ಕೈ ತೆಗೆಯುವುದಕ್ಕೂ ಅದಕ್ಕೆ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 2015ರಿಂದ ತಯಾರಾದ ಇಂಥ ಫೈರ್‌ಪ್ಲೇಸುಗಳಿಗೆ ಗಾಜಿನ ಮುಂದೆ ಜಾಲರಿ ಕೊಡಬೇಕೆಂಬ ನಿಯಮವಿದೆ. ನಿಮ್ಮದು ಹಳೆಯದಾದರೆ ಬೇರೆ ಜಾಲರಿ ಕೊಂಡು ಹಾಕಿ. ಅದೂ ಬಿಸಿಯಾಗುತ್ತದೆ. ಹಾಗಾಗಿ ಮಗು ಇರುವ ಮನೆಯಲ್ಲಿ ಇನ್ನಷ್ಟು ದೂರಕ್ಕೆ ಒಂದು ಗೇಟೂ ಇರಲಿ. ರಿಮೋಟ್ ಎತ್ತರದಲ್ಲಿಡಿ. ಸೋಫಾ, ಪರದೆ, ಆಟದ ಸಾಮಾನು ಎಲ್ಲ ಕನಿಷ್ಠ 3 ಅಡಿ ದೂರ. ಒಂದು ವೇಳೆ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿದು, ತಡಮಾಡದೆ ಡಾಕ್ಟರಿಗೆ ತೋರಿಸಿ. ಐಸ್, ಟೂತ್‌ಪೇಸ್ಟ್ ಬೇಡ.

ಪ್ರಶ್ನೆ: ಪೈಲಟ್ (ಬರ್ನರ್ ಹಚ್ಚಲು ಇರುವ ಪುಟ್ಟ ಜ್ವಾಲೆ) ಆಗಾಗ ಆರಿಹೋಗುತ್ತದೆ. ನಮ್ಮ ಯಜಮಾನರು ಬಟನ್ ಒತ್ತುತ್ತಲೇ ಇರುತ್ತಾರೆ. ಮೊನ್ನೆ ‘ಢಬ್’ ಅಂತ ಸದ್ದಾಗಿ ಹತ್ತಿಕೊಂಡಿತು.

ಉತ್ತರ: ಆ ಸದ್ದು ಒಳಗೆ ಸೇರಿಕೊಂಡಿದ್ದ ಗ್ಯಾಸ್ ಒಟ್ಟಿಗೇ ಹತ್ತಿಕೊಂಡದ್ದು. ಅದು ಜೋರಾದರೆ ಗಾಜು ಒಡೆದು ಕೋಣೆಗೆ ಚಿಮ್ಮುತ್ತದೆ. ಅವರಿಗೆ ಈ ಉತ್ತರ ಓದಲು ಕೊಡಿ.

ಪೈಲಟ್ ಪಕ್ಕದಲ್ಲಿ ಬೆರಳಿನಷ್ಟು ದಪ್ಪವೂ ಇಲ್ಲದ ಒಂದು ಲೋಹದ ಕಡ್ಡಿ ಕಾಣುತ್ತದೆ. ಅದು ಥರ್ಮೋಕಪಲ್. ಜ್ವಾಲೆಯಲ್ಲಿ ಕಾದಾಗ ಒಂದಿಷ್ಟು ಮಿಲಿವೋಲ್ಟ್ ವಿದ್ಯುತ್ ಹುಟ್ಟಿಸಿ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುತ್ತದೆ. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚುತ್ತದೆ. ಪದೇಪದೇ ಹೀಗಾದರೆ ಪೈಲಟ್‌ಗೆ ದೂಳು ಕಟ್ಟಿರಬಹುದು, ಥರ್ಮೋಕಪಲ್ ಸವೆದಿರಬಹುದು ಅಥವಾ ಚಿಮಣಿಯಿಂದ ಗಾಳಿ ಕೆಳಗೆ ನುಗ್ಗುತ್ತಿರಬಹುದು. ರಿಪೇರಿ ಮಾಡಿಸಿ. ಥರ್ಮೋಕಪಲ್ ತಪ್ಪಿಸಿ ನೇರವಾಗಿ ಜೋಡಿಸುವ ಜಾಣತನ ಬೇಡ.

ಹತ್ತದಿದ್ದರೆ ಗ್ಯಾಸ್ ಆಫ್ ಮಾಡಿ 5 ನಿಮಿಷ ಕಾಯಬೇಕು. ಆಮೇಲೆ ನೆಲದ ಹತ್ತಿರ ಬಗ್ಗಿ ಮೂಸಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಮಲಗಿರುತ್ತದೆ. ವಾಸನೆ ಇದ್ದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ.

ಪ್ರಶ್ನೆ: ಹೊಸ ಫೈರ್‌ಪ್ಲೇಸ್ ಮೊದಲ ದಿನ ಪೇಂಟ್ ಸುಟ್ಟ ವಾಸನೆ ಬಂತು. ಗಾಜಿನ ಮೇಲೆ ಬಿಳಿ ಪೊರೆಯೂ ಇದೆ.

ಉತ್ತರ: ಪೇಂಟ್ ಮತ್ತು ಎಣ್ಣೆ ಕಾದು ಗಟ್ಟಿಯಾಗುವ ವಾಸನೆ ಅದು. ಕಿಟಕಿ ತೆರೆದು ಕೆಲವು ಗಂಟೆ ಉರಿಸಿದರೆ ಹೋಗುತ್ತದೆ. ಬಿಳಿ ಪೊರೆಯನ್ನು ಗಾಜು ಪೂರ್ತಿ ತಣ್ಣಗಾದ ಮೇಲೆ ಒರೆಸಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಫೈರ್‌ಪ್ಲೇಸ್ ಗಾಜಿಗೆಂದೇ ಸಿಗುತ್ತದೆ. ಪೊರೆ ಕಪ್ಪಗಿದ್ದರೆ ಮಾತು ಬೇರೆ. ಅದು ಮಸಿ, ಅಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಎಷ್ಟೋ ಸಲ ಒಳಗಿನ ಸೆರಾಮಿಕ್ ಕಟ್ಟಿಗೆಗಳನ್ನು ಯಾರೋ ಚೆಂದಕ್ಕೆ ಜರುಗಿಸಿರುತ್ತಾರೆ. ಅವು ಕೈಪಿಡಿಯ ಚಿತ್ರದಲ್ಲಿದ್ದ ಜಾಗದಲ್ಲೇ ಇರಬೇಕು.

ಪ್ರಶ್ನೆ: ಹೊಗೆ ಹೊರಗೇ ಹೋಗುವಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಯಾಕೆ?

ಉತ್ತರ: ಪೈಪ್ ಕೈಕೊಟ್ಟ ದಿನ ಅದು ನಿಮಗೆ ಹೇಳುವುದಿಲ್ಲ, ಅದಕ್ಕೆ. ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ, ಜ್ವರ ಇರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ಹೊರಗೆ ಹೋದರೆ ಹಗುರ ಅನ್ನಿಸುತ್ತಿದ್ದರೆ ಅನುಮಾನಪಡಿ. ಫೈರ್‌ಪ್ಲೇಸ್ ಆರಿಸಿ ಎಲ್ಲರೂ ಹೊರಗೆ ಬಂದು, ಅಲ್ಲಿಂದಲೇ ತುರ್ತು ಸಹಾಯಕ್ಕೆ ಫೋನ್ ಮಾಡಿ.

ಪ್ರತಿ ಮಹಡಿಗೂ ಒಂದು ಅಲಾರಂ ಇರಲಿ, ಮಲಗುವ ಕೋಣೆಗಳ ಹತ್ತಿರ ತಪ್ಪದೆ. ಫೈರ್‌ಪ್ಲೇಸ್ ಪಕ್ಕದಲ್ಲೇ ಬೇಡ, ಸುಮ್ಮನೆ ಕೂಗುತ್ತದೆ. ಈಗಾಗಲೇ ಹಾಕಿಸಿದ್ದರೆ ಇವತ್ತೇ ಕೆಳಗಿಳಿಸಿ ಬೆನ್ನು ನೋಡಿ. ಅವಧಿ ಮುಗಿಯುವ ದಿನ ಅಲ್ಲಿ ಬರೆದಿರುತ್ತದೆ. ಬಟನ್ ಒತ್ತಿದಾಗ ಕೂಗಿದ ಮಾತ್ರಕ್ಕೆ ಒಳಗಿನ ಸೆನ್ಸರ್ ಬದುಕಿದೆ ಅಂತಲ್ಲ.