ಭೋಗ್ಯದ ಮನೆಯನ್ನೇ ಕೊಂಡುಕೊಳ್ಳಿ ಅಂತಾರೆ, ಏನು ಮಾಡಲಿ?

ಮೈಸೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರಾಂಶ ಇಷ್ಟು:

"ನಮ್ಮ ಯಜಮಾನರು ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಸಂಬಳ ಕೈಗೆ 38,000. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ತಿಂಗಳಿಗೆ 12,000 ಸಿಗುತ್ತದೆ. ಕುಂಬಾರಕೊಪ್ಪಲಿನಲ್ಲಿ 20×30 ಸೈಟಿನ ಮನೆಯೊಂದರಲ್ಲಿ 6 ವರ್ಷದಿಂದ ಭೋಗ್ಯಕ್ಕಿದ್ದೇವೆ. 8 ಲಕ್ಷ ಕೊಟ್ಟಿದ್ದೇವೆ. ಅವಧಿ ಮುಗಿಯಿತು, ದುಡ್ಡು ವಾಪಸ್ ಕೊಡಿ ಅಂತ ಕೇಳಿದೆವು. ಓನರ್‌ಗೆ ನಾವು ತಾತ ಅಂತೀವಿ. ಅವರು 'ದುಡ್ಡು ಖರ್ಚಾಗಿಹೋಗಿದೆ ಕಣಮ್ಮ. ಮನೆಯನ್ನೇ ನೀವು ತಗೊಂಡುಬಿಡಿ. 34 ಲಕ್ಷ. ನಿಮ್ಮ 8 ಲಕ್ಷ ಅದರಲ್ಲೇ ಮುರ್ಕೊಳ್ಳಿ' ಅಂದರು. ಸ್ವಂತ ಮನೆ ಅನ್ನೋದು ನಮ್ಮ ಕನಸಲ್ಲೂ ಇರಲಿಲ್ಲ. ಕೂಡಿಟ್ಟಿರುವುದು 3 ಲಕ್ಷ, ಜೊತೆಗೆ ಒಂದು 2 ಲಕ್ಷದ ಚೀಟಿ. ಯಜಮಾನರು ಬೇಡ ಅಂತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಇದು ಅದೃಷ್ಟವೋ ಅಪಾಯವೋ?"

ಆತ್ಮೀಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಖುಷಿಯಾಯಿತು. ಎರಡನೇ ಸಲ ಮೂರನೇ ಪುಟದಲ್ಲಿ ನಿಂತುಬಿಟ್ಟೆ. ಅಲ್ಲಿ ನೀವು ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೀರಿ: "ಮನೆ ಅಜ್ಜಿಯ ಹೆಸರಲ್ಲಿತ್ತು, ಅಜ್ಜಿ ಹೋಗಿ ಮೂರು ವರ್ಷವಾಯಿತು." ಅಜ್ಜಿ ಅಂದರೆ ತಾತನ ಹೆಂಡತಿ. ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಸಾಲು. ಸ್ವಲ್ಪ ತಡೆದು ಅದಕ್ಕೆ ಬರುತ್ತೇನೆ.

ನಾನು ಬೆಳೆದದ್ದೂ ಬಾಡಿಗೆ ಮನೆಗಳಲ್ಲೇ. ಅಪ್ಪನಿಗೆ ವರ್ಗವಾದ ಹಾಗೆಲ್ಲ ಮನೆ ಬದಲಾಗುತ್ತಿತ್ತು. ಪ್ರತಿ ಮನೆಯಲ್ಲೂ ಓನರ್ ಹೇಳುವ ಮೊದಲ ಮಾತು, "ಗೋಡೆಗೆ ಮೊಳೆ ಹೊಡೀಬೇಡಿ." ಹಾಗಾಗಿ ನಮ್ಮಮ್ಮ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರ ಹಾಕಿ ಕಟ್ಟುತ್ತಿದ್ದರು. ಗಾಳಿ ಬಂದಾಗಲೆಲ್ಲ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಅಂಚು ನೆನೆದು ತಿಥಿ, ನಕ್ಷತ್ರ ಎಲ್ಲಾ ಒಂದರ ಮೇಲೊಂದು ಅಂಟಿಕೊಳ್ಳುತ್ತಿತ್ತು. ನೀವು ನಲ್ಲಿ ಪಕ್ಕ ಕರಿಬೇವಿನ ಗಿಡ ನೆಟ್ಟು, "ನೆಡುವಾಗ ತಾತನನ್ನು ಕೇಳಿಯೇ ನೆಟ್ಟೆ" ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ಅಮ್ಮನ ಕ್ಯಾಲೆಂಡರ್ ನೆನಪಾಯಿತು. ಆದ್ದರಿಂದ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಈ ಮನೆ ನಿಮ್ಮದಾಗಲಿ ಎಂದೇ ನನ್ನ ಮನಸ್ಸೂ ಹೇಳುತ್ತದೆ. ಆದರೆ ಯಾವ ಕಾರಣಕ್ಕೆ ಕೊಳ್ಳುತ್ತೀರಿ ಅನ್ನೋದನ್ನು ಮೊದಲು ನೋಡೋಣ.

"8 ಲಕ್ಷ ಸಿಕ್ಕಿಹಾಕಿಕೊಂಡಿದೆ, ಬೇರೆ ದಾರಿಯೇ ಇಲ್ಲ" ಎಂದು ಬರೆದಿದ್ದೀರಿ. ದಯವಿಟ್ಟು ಈ ಯೋಚನೆಯನ್ನು ಒಂದು ವಾರ ಪಕ್ಕಕ್ಕಿಡಿ. ತಾತ ನಾಳೆ ಬೆಳಿಗ್ಗೆ 8 ಲಕ್ಷ ತಂದು ನಿಮ್ಮ ಕೈಗಿಟ್ಟರು ಅಂದುಕೊಳ್ಳಿ. ಆಗಲೂ ಇದೇ ಮನೆಯನ್ನು, ಇದೇ ಬೆಲೆಗೆ ಕೊಳ್ಳುತ್ತಿದ್ದಿರಾ? ಹೌದು ಅನ್ನಿಸಿದರೆ ಮುಂದುವರಿಯಿರಿ. ಇಲ್ಲ ಅನ್ನಿಸಿದರೆ, 8 ಲಕ್ಷ ಬಿಡಿಸಿಕೊಳ್ಳಲು ಹೋಗಿ ಇನ್ನೂ 26 ಲಕ್ಷ ಹಾಕಿದ ಹಾಗಾಗುತ್ತದೆ, ಅಲ್ವಾ?

ಆ ಮನೆಯ ಬಗ್ಗೆ ನಿಮಗೆ ಗೊತ್ತಿರುವಷ್ಟು ಬೇರೆ ಯಾವ ಖರೀದಿದಾರನಿಗೂ ಗೊತ್ತಿರಲ್ಲ. ಅಡುಗೆಮನೆಯ ಹಿಂದಿನ ಗೋಡೆ ಆಷಾಢದಲ್ಲಿ ಬೆವರುತ್ತದೆ, ಸಂಪಿನಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಅಕ್ಕಪಕ್ಕದವರು ಒಳ್ಳೆಯವರು ಎಂದು ನೀವೇ ಬರೆದಿದ್ದೀರಿ. ಹೊರಗಿನಿಂದ ಬಂದವರು ಭಾನುವಾರ ಅರ್ಧ ಗಂಟೆ ನೋಡಿ ಹೋಗುತ್ತಾರೆ. ನೀವು ಆರು ಮಳೆಗಾಲ ನೋಡಿದ್ದೀರಿ. ಬೆಲೆ ಮಾತಾಡುವಾಗ ಇದನ್ನೆಲ್ಲ ಉಪಯೋಗಿಸಿಕೊಳ್ಳಿ. ತಾರಸಿ ರಿಪೇರಿಗೆ ಎಷ್ಟಾಗುತ್ತದೆ ಎಂದು ಮೇಸ್ತ್ರಿಯಿಂದ ಬರೆಸಿಕೊಂಡು ಬನ್ನಿ. ತಾತನಿಗೆ ಬ್ರೋಕರ್ ಕಮಿಷನ್ ಉಳಿಯುತ್ತದೆ, ನಿಮಗೆ ಕೊಡಬೇಕಾದ 8 ಲಕ್ಷ ಹೊಂದಿಸುವ ಕಷ್ಟವೂ ತಪ್ಪುತ್ತದೆ. 34 ಅಂದಿದ್ದಕ್ಕೆಲ್ಲ ತಲೆ ಆಡಿಸಬೇಕಾಗಿಲ್ಲ.

ಈಗ ಆ ಮೂರನೇ ಪುಟದ ಸಾಲು. ಮನೆ ಅಜ್ಜಿಯ ಹೆಸರಲ್ಲಿತ್ತು. ಅವರು ಉಯಿಲು ಬರೆದಿಡದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಆಸ್ತಿ ಗಂಡನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮವಾಗಿ ಬರುತ್ತದೆ. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಮಗ ಮಸ್ಕತ್‌ನಲ್ಲಿದ್ದಾನೆ ಎಂದಿದ್ದೀರಿ. ಅಂದರೆ ಆ ಮನೆಗೆ ನಾಲ್ಕು ಜನ ಹಕ್ಕುದಾರರು. ತಾತನದು ಕಾಲು ಭಾಗ ಮಾತ್ರ. ತಾತ ಎಷ್ಟೇ ಒಳ್ಳೆಯವರಾಗಿರಲಿ, ಅವರೊಬ್ಬರೇ ಸಹಿ ಮಾಡಿದರೆ ನಿಮಗೆ ಪೂರ್ತಿ ಮನೆ ಬರುವುದಿಲ್ಲ. ನಾಳೆ ಮಗಳೊಬ್ಬಳು "ನನ್ನ ಪಾಲು ಕೊಡಿ" ಎಂದು ಕೋರ್ಟಿಗೆ ಹೋದರೆ ನೀವು ಸಾಲದ ಕಂತಿನ ಜೊತೆಗೆ ವಕೀಲರ ಫೀಜನ್ನೂ ಕಟ್ಟಬೇಕಾಗುತ್ತದೆ.

ಇದಕ್ಕೆ ದಾರಿ ಇದೆ, ಹೆದರಬೇಡಿ. ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಬೇಕು. ಅಜ್ಜಿಯ ಮರಣ ಪ್ರಮಾಣಪತ್ರ ಇಟ್ಟು ಪಾಲಿಕೆಯಲ್ಲಿ ಖಾತೆಯನ್ನು, ಅಂದರೆ ಆಸ್ತಿ ತೆರಿಗೆ ಯಾರ ಹೆಸರಲ್ಲಿದೆ ಎಂಬ ದಾಖಲೆಯನ್ನು, ವಾರಸುದಾರರ ಹೆಸರಿಗೆ ಮಾಡಿಸಬೇಕು. ಆಮೇಲೆ ನಾಲ್ಕೂ ಜನ ಸೇರಿ ನಿಮಗೆ ಕ್ರಯಪತ್ರ ಬರೆದುಕೊಡಬಹುದು. ಇಲ್ಲವೇ ಮಕ್ಕಳು ಮೂವರೂ ತಂದೆಯ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಟ್ಟು, ತಾತ ಒಬ್ಬರೇ ಮಾರಬಹುದು. ಎರಡನೆಯದು ನಿಮಗೆ ಸುಲಭ. ಮಗ ಬರಲಾಗದಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರಪತ್ರ ಮಾಡಿಸಿ ಕಳಿಸಬಹುದು. ಅವರೂ ಮಾರಾಟಗಾರರಾಗಿ ಸಹಿ ಹಾಕುವುದಾದರೆ, ಅನಿವಾಸಿಯಾದ್ದರಿಂದ ಅವರ ಪಾಲಿನ ಹಣದಲ್ಲಿ ತೆರಿಗೆ ಹಿಡಿದು ಕಟ್ಟುವ ಹೊಣೆ ಕೊಳ್ಳುವ ನಿಮ್ಮ ಮೇಲೆ ಬರುತ್ತದೆ. ವಕೀಲರನ್ನು ಇದನ್ನು ತಪ್ಪದೆ ಕೇಳಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾವು ಮೊದಲ ಸಲ ಮನೆ ಕೊಳ್ಳಲು ಹೋದಾಗ 50,000 ಅಡ್ವಾನ್ಸ್ ಕೊಟ್ಟೆವು. ಕೈಗೆ ಬಂದದ್ದು ಒಂದು ಬಿಳಿ ಹಾಳೆಯ ರಸೀದಿ. ಮಾರುವವರ ತಮ್ಮನಿಗೂ ಅದರಲ್ಲಿ ಪಾಲಿದೆ ಎಂದು ಗೊತ್ತಾದದ್ದು ಆಮೇಲೆ. ತಮ್ಮ ಒಪ್ಪಲಿಲ್ಲ, ವ್ಯವಹಾರ ಮುರಿದುಬಿತ್ತು, ಅಡ್ವಾನ್ಸ್ ವಾಪಸ್ ಬರಲೇ ಇಲ್ಲ. ಆ ದುಡ್ಡು ನನ್ನ ಹೆಂಡತಿಯ ಎರಡು ಬಳೆ. ಆದ್ದರಿಂದ ಕಾಲಿಗೆ ಬಿದ್ದಾದರೂ ಹೇಳುತ್ತೇನೆ: ಮಕ್ಕಳು ಮೂವರೂ ಒಪ್ಪಿ, ಕ್ರಯದ ಕರಾರಿಗೆ ಸಹಿ ಹಾಕುವವರೆಗೂ ಇನ್ನೊಂದು ರೂಪಾಯಿ ಕೊಡಬೇಡಿ.

ತಾತ ನಿಮಗೆ ತೋರಿಸಿದ್ದು ಪತ್ರದ ಜೆರಾಕ್ಸ್. ಮೂಲ ಪತ್ರ ಎಲ್ಲಿದೆ? ಅದನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೂಲ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರೆ ಅದು ಕೆಲವೊಮ್ಮೆ ಋಣಭಾರ ಪತ್ರದಲ್ಲಿ, ಅಂದರೆ ನಾವೆಲ್ಲ ಇಸಿ ಅನ್ನುವ ಕಾಗದದಲ್ಲಿ, ಕಾಣಿಸುವುದಿಲ್ಲ. ಸರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಿಸಿದರೆ ಅಂಥ ಅಡಮಾನ ಗೊತ್ತಾಗುತ್ತದೆ. ಇಸಿಯನ್ನೂ ತೆಗೆಸಿ, 30 ವರ್ಷದ್ದು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಖಾತೆ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಅದು ನಿಯಮದ ಪ್ರಕಾರ ಎಲ್ಲಾ ಸರಿಯಿರುವ ಆಸ್ತಿಯ ಎ ಖಾತೆಯೋ, ಅನುಮೋದನೆಯಲ್ಲಿ ಕೊರತೆ ಇರುವ ಆಸ್ತಿಯ ಬಿ ಖಾತೆಯೋ ಎಂದು ನೋಡಿ. ಬಿ ಖಾತೆಯ ಮನೆಗೆ ಸಾಲ ಕೊಡಲು ಹೆಚ್ಚಿನ ಬ್ಯಾಂಕ್‌ಗಳು ಹಿಂದೇಟು ಹಾಕುತ್ತವೆ.

ಇನ್ನು ನಿಮ್ಮ ಯಜಮಾನರ ಮಾತು. ಅವರು ಬೇಡ ಅನ್ನುವುದಕ್ಕೆ ಕಾರಣವಿದೆ, ಅವರ ಮೇಲೆ ಸಿಟ್ಟಾಗಬೇಡಿ. "ಬಾಡಿಗೆ ಕಟ್ಟೋ ದುಡ್ಡಲ್ಲಿ ಕಂತು ಕಟ್ಟಿದರೆ ಮನೆ ನಮ್ಮದಾಗುತ್ತೆ" ಎಂದು ನಿಮ್ಮ ಅಣ್ಣ ಹೇಳಿದರಂತೆ. ಆ ಮಾತು ತಿಂಗಳು ತಿಂಗಳು ಬಾಡಿಗೆ ಕಟ್ಟುವವರಿಗೆ ಸರಿ. ನೀವು ಭೋಗ್ಯದಲ್ಲಿದ್ದೀರಿ. ನಿಮಗೆ ಈಗ ತಿಂಗಳ ಬಾಡಿಗೆಯೇ ಇಲ್ಲ. ಕಂತು ಪೂರ್ತಿ ಹೊಸ ಖರ್ಚು.

ಲೆಕ್ಕ ಹಾಕೋಣ. 34 ಲಕ್ಷದಲ್ಲಿ 8 ಕಳೆದರೆ 26. ಅದರಲ್ಲಿ 24 ಲಕ್ಷ ಸಾಲ, 20 ವರ್ಷಕ್ಕೆ, ಶೇ 8.5 ಬಡ್ಡಿ ಅಂದುಕೊಂಡರೆ ಕಂತು ತಿಂಗಳಿಗೆ ಸುಮಾರು 20,800. ಇಬ್ಬರ ದುಡಿಮೆ 50,000ದಲ್ಲಿ ಅದು ಹೆಚ್ಚುಕಡಿಮೆ ನೂರಕ್ಕೆ 42. ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಎಲ್ಲಾ ಸೇರಿದರೆ 2,58,400. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಉಳಿದ 2 ಲಕ್ಷ, ವಕೀಲರ ಖರ್ಚು, ಬ್ಯಾಂಕಿನ ಖರ್ಚು ಸೇರಿದರೆ ನಿಮ್ಮ ಉಳಿತಾಯವೂ ಚೀಟಿಯೂ ಅಲ್ಲಿಗೆ ಮುಗಿಯಿತು. ಮಗಳಿಗೆ ಒಂದು ಜ್ವರ ಬಂದರೂ ಸಾಲ ಮಾಡುವ ಸ್ಥಿತಿ. ಯಜಮಾನರ ಭಯ ಇದೇ ಇರಬೇಕು. ಬೆಲೆಯಲ್ಲಿ 2 ಲಕ್ಷ ಇಳಿಸಿಕೊಂಡರೂ ಈ ಬಿಗಿ ಎಷ್ಟೋ ಸಡಿಲವಾಗುತ್ತದೆ.

ಮಹಡಿಯ ಮೇಲಿನ ಒಂಟಿ ರೂಮಿನ ಬಾಡಿಗೆ 4,500 ಈಗ ತಾತನಿಗೆ ಹೋಗುತ್ತಿದೆ. ಮನೆ ನಿಮ್ಮದಾದರೆ ಅದು ನಿಮಗೆ. ಆದರೆ ವರ್ಷದಲ್ಲಿ ಎರಡು ತಿಂಗಳು ಖಾಲಿ ಇರುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಇನ್ನೊಂದು ಸಹಾಯವೂ ಇದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ, ವರ್ಷದ ಆದಾಯ 9 ಲಕ್ಷದೊಳಗಿನ ಕುಟುಂಬಕ್ಕೆ ಬಡ್ಡಿ ಸಹಾಯಧನ ಸಿಗುತ್ತದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ದಾಟಬಾರದು. ನಿಮ್ಮದು ಎರಡರೊಳಗೂ ಬರುತ್ತದೆ. ಹೆಚ್ಚೆಂದರೆ 1.80 ಲಕ್ಷ, ಐದು ವರ್ಷ ಕಂತುಕಂತಾಗಿ. ಸಾಲದ ಅರ್ಜಿ ಕೊಡುವಾಗಲೇ ಬ್ಯಾಂಕಿನಲ್ಲಿ ಇದನ್ನು ಕೇಳಿ.

ಮೂರು ತಿಂಗಳು ಒಂದು ಕೆಲಸ ಮಾಡಿ. ಪ್ರತಿ ತಿಂಗಳು ಸಂಬಳ ಬಂದ ದಿನವೇ 20,800 ತೆಗೆದು ಬೇರೆ ಖಾತೆಗೆ ಹಾಕಿ. ಉಳಿದದ್ದರಲ್ಲಿ ಸಂಸಾರ ಮಾಡಿ. ಚೀಟಿ ಕಟ್ಟಿ, ಮಗಳ ಫೀಸ್ ಕಟ್ಟಿ. ಮೂರನೇ ತಿಂಗಳ ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ. ಅಷ್ಟರಲ್ಲಿ 62,000 ಕೂಡಿರುತ್ತದೆ, ವಂಶವೃಕ್ಷ, ಖಾತೆಯ ಕೆಲಸವೂ ನಡೆದಿರುತ್ತದೆ. ಅವಸರ ನಿಮಗಿಲ್ಲ. ಮನೆಯಲ್ಲಿ ವಾಸವಿರುವವರು ನೀವು, ದುಡ್ಡು ಕೈಗೆ ಬರುವವರೆಗೂ ಬೀಗದ ಕೈ ಕೊಡಬೇಡಿ. ಅಜ್ಜಿ ಹೋದಮೇಲೆ ಈಗಿನ ಭೋಗ್ಯದ ಪತ್ರವನ್ನು ತಾತ ಒಬ್ಬರೇ ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ, ನೋಂದಣಿಯಾಗಿಲ್ಲ ಎಂದಿದ್ದೀರಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ನೋಂದಣಿಯಾಗಬೇಕು ಎನ್ನುತ್ತದೆ ಕಾನೂನು. ಆದ್ದರಿಂದ 8 ಲಕ್ಷ ಕೊಟ್ಟಿದ್ದಕ್ಕೆ ಇರುವ ಪ್ರತಿ ಚೂರು ಕಾಗದವನ್ನೂ ಜೋಪಾನ ಮಾಡಿ. 5 ಲಕ್ಷ ಚೆಕ್ಕಿನಲ್ಲಿ ಹೋಗಿದೆ, ಪಾಸ್‌ಬುಕ್ಕಿನಲ್ಲಿದೆ. ನಗದಾಗಿ ಕೊಟ್ಟ 3 ಲಕ್ಷ ತಲುಪಿದೆ ಎಂದು ತಾತನಿಂದ ಈಗಲೇ ಬರೆಸಿಕೊಳ್ಳಿ, ಅವರ ಮಗಳೊಬ್ಬರ ಸಾಕ್ಷಿ ಸಹಿಯನ್ನೂ ಹಾಕಿಸಿ. ಕ್ರಯದ ಕರಾರಿನಲ್ಲಿ ಪೂರ್ತಿ 8 ಲಕ್ಷ ಬೆಲೆಯಲ್ಲಿ ವಜಾ ಆಗಿದೆ ಎಂಬ ಮಾತು ಬರಲೇಬೇಕು.

ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಆ 8 ಲಕ್ಷದಲ್ಲಿ ನೀವು ಮಧ್ಯರಾತ್ರಿವರೆಗೂ ಕೂತು ಹೊಲಿದ ಬ್ಲೌಸುಗಳ ದುಡ್ಡಿದೆ. ಇಬ್ಬರ ಹೆಸರಲ್ಲಿ ಮಾಡಿಸಲು ಖರ್ಚೇನೂ ಜಾಸ್ತಿ ಆಗುವುದಿಲ್ಲ. ಸಾಲದಲ್ಲಿ ಹೆಂಗಸರ ಹೆಸರಿದ್ದರೆ ಕೆಲವು ಬ್ಯಾಂಕ್‌ಗಳು ಬಡ್ಡಿಯಲ್ಲಿ ಸ್ವಲ್ಪ ಬಿಡುವುದೂ ಉಂಟು.

ಕೊನೆಯಲ್ಲಿ ನೀವು ಕೇಳಿದ್ದೀರಿ, "ಪತ್ರ ತೋರಿಸಿ ಅಂದರೆ ತಾತನ ಮನಸ್ಸಿಗೆ ನೋವಾಗಲ್ವಾ? ಹಬ್ಬಕ್ಕೆ ನಮ್ಮನೆಯಲ್ಲೇ ಊಟ ಮಾಡೋರು ಅವರು." ನೋವಾಗದ ಹಾಗೆ ಕೇಳಬಹುದು. ಒಂದು ಸಂಜೆ ಕಾಫಿ ಕೊಟ್ಟು ಕೂರಿಸಿ ಹೇಳಿ: "ತಾತ, ಮನೆ ತಗೊಳ್ಳೋಕೆ ನಮಗೆ ಇಷ್ಟ ಇದೆ. ಆದ್ರೆ ಬ್ಯಾಂಕಿನವರು ಅಸಲಿ ಪತ್ರ ಕೇಳ್ತಾರೆ, ಅಕ್ಕಂದಿರದ್ದೂ ಅಣ್ಣನದ್ದೂ ಸಹಿ ಕೇಳ್ತಾರೆ. ನೀವೇ ಒಂದ್ಸಲ ಅವರಿಗೆ ಫೋನ್ ಮಾಡಿ, ನಾನಿಲ್ಲೇ ಇರ್ತೀನಿ."