ಕಡತ ಕೈಗಿತ್ತರೆ ತರಬೇತಿಯಾಯಿತೇ?

ಮಾನ್ಯರೇ,

ಮಕ್ಕಳ ಪ್ರೊಬೇಷನ್ ಅಧಿಕಾರಿಯಾಗಿ, ಎಂದರೆ ತಪ್ಪು ಮಾಡಿ ನ್ಯಾಯಾಲಯದ ಮುಂದೆ ಬಂದ ಮಕ್ಕಳ ಮೇಲೆ ನಿಗಾ ಇಟ್ಟು ತಿದ್ದುವ ಹೊಣೆ ಹೊತ್ತು, ಇತ್ತೀಚೆಗೆ ಕೆಲಸಕ್ಕೆ ಸೇರಿದ ತಮಗೆ ಎರಡು ವಾರಗಳ ತರಗತಿ ಮುಗಿದ ಮರುದಿನವೇ ಕಡತಗಳ ಕಟ್ಟನ್ನು ಒಪ್ಪಿಸಿದರೆಂದೂ, ಹಿರಿಯರು ಮಾಡುವುದನ್ನು ನೋಡಿ ಕಲಿಯುವುದೇ ಸೇವಾನಿರತ ತರಬೇತಿ ಎಂದು ಹೇಳಿದರೆಂದೂ ಬರೆದಿದ್ದೀರಿ. ಇದನ್ನು ತರಬೇತಿ ಎನ್ನಬಹುದೇ ಎಂದು ಕೇಳಿದ್ದೀರಿ. ಎನ್ನಲಾಗದು ಎಂಬುದೇ ನನ್ನ ಉತ್ತರ.

ತಾವು ಹಿರಿಯರನ್ನು ನೋಡುವುದಕ್ಕಿಂತ, ತಾವು ಕೆಲಸ ಮಾಡುವಾಗ ಬಲ್ಲವರೊಬ್ಬರು ತಮ್ಮನ್ನು ನೋಡುವುದು ಮುಖ್ಯ. ಎದುರಿಗೆ ಕುಳಿತ ಹುಡುಗ ಎಲ್ಲದಕ್ಕೂ ‘ಗೊತ್ತಿಲ್ಲ’ ಎನ್ನುತ್ತಿದ್ದರೆ ಹೊಸಬರು ತಮಗರಿವಿಲ್ಲದೆಯೇ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ, ಮಾತುಕತೆ ಪೊಲೀಸ್ ವಿಚಾರಣೆಯ ಧಾಟಿಗೆ ತಿರುಗುತ್ತದೆ. ಗೃಹಭೇಟಿಯಲ್ಲಿ ತಂದೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಭರದಲ್ಲಿ, ಆ ಹುಡುಗ ಮಾತು ಕೇಳುವುದು ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ಅಜ್ಜಿಯದನ್ನು ಮಾತ್ರ ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ. ಪಕ್ಕದಲ್ಲಿದ್ದ ಅನುಭವಿ ಅದೇ ಸಂಜೆ ಅದನ್ನು ಎತ್ತಿ ತೋರಿಸಿದರೆ ಮುಂದಿನ ಭೇಟಿಯಲ್ಲಿ ತಿದ್ದಿಕೊಳ್ಳಬಹುದು. ಆರು ತಿಂಗಳ ನಂತರದ ಕಾರ್ಯಾಗಾರದಲ್ಲಿ ಕೇಳಿದರೆ ಅದು ಯಾವ ಮನೆಯ ಮಾತೆಂಬುದೂ ನೆನಪಿರುವುದಿಲ್ಲ. ಹೀಗೆ ಮೂರನೆಯವರು ಜೊತೆಗಿರುವುದನ್ನು ಮಗುವಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಗೋಪ್ಯತೆ ಅವರನ್ನೂ ಕಟ್ಟಿಹಾಕುತ್ತದೆ ಎಂಬುದನ್ನು ಮರೆಯಬಾರದು.

ವರದಿ ಬರೆಯುವುದನ್ನೂ ಹೀಗೆಯೇ ಕಲಿಯಬೇಕು. ‘ಉದ್ಧಟ’ ಎಂಬ ಒಂದೇ ಪದ ಕಡತದಿಂದ ಕಡತಕ್ಕೆ ನಕಲಾಗುತ್ತ ವರ್ಷಗಟ್ಟಲೆ ಮಗುವಿನ ಬೆನ್ನು ಹತ್ತಬಹುದು. ಕಂಡದ್ದು, ಕೇಳಿದ್ದು, ತಾವು ಊಹಿಸಿದ್ದು ಎಂದು ಮೂರನ್ನೂ ಬೇರ್ಪಡಿಸಿ, ಕರಡನ್ನು ಹಿರಿಯರೊಡನೆ ಸಾಲುಸಾಲಾಗಿ ಓದುವುದು ನಾನು ಬಲ್ಲ ಅತ್ಯುತ್ತಮ ಪಾಠ. ಅಪಾಯದ ಮಟ್ಟವನ್ನು ಅಳೆಯುವ ನಮೂನೆಗಳನ್ನು ಇಬ್ಬರೂ ಪ್ರತ್ಯೇಕವಾಗಿ ತುಂಬಿ ಹೋಲಿಸಿ ನೋಡಬೇಕು, ಏಕೆಂದರೆ ಮತ್ತೆ ತಪ್ಪು ಮಾಡುವ ಸಂಭವ ಕಡಿಮೆಯಿರುವ ಮಗುವನ್ನು ಬಿಗಿ ನಿಗಾದಲ್ಲಿಟ್ಟರೆ ಒಳಿತಿಗಿಂತ ಕೆಡುಕೇ ಆಗಬಹುದೆಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಕಂಡುಬಂದ ಸಂಗತಿ.

ಇಷ್ಟೆಲ್ಲ ಅಗತ್ಯವೇ ಎನ್ನುವವರ ಮನಸ್ಸಿನಲ್ಲಿ ಹಳೆಯ ಕಾಲ ಇನ್ನೂ ಉಳಿದಿದೆ. 1841ರಲ್ಲಿ ಅಮೆರಿಕದ ಬಾಸ್ಟನ್ನಿನ ನ್ಯಾಯಾಲಯದಲ್ಲಿ ಕುಡುಕನೊಬ್ಬನಿಗೆ ಜಾಮೀನು ನಿಂತು ಪ್ರೊಬೇಷನ್ ಪದ್ಧತಿಗೆ ನಾಂದಿ ಹಾಡಿದ ಜಾನ್ ಅಗಸ್ಟಸ್ ಜೋಡು ಹೊಲಿಯುವ ವೃತ್ತಿಯವರು. 1899ರಲ್ಲಿ ಮಕ್ಕಳಿಗೆಂದೇ ನ್ಯಾಯಾಲಯ ಸ್ಥಾಪಿಸಿದ, ಅದೇ ದೇಶದ ಇಲಿನಾಯ್ ರಾಜ್ಯದ ಕಾಯ್ದೆಯಲ್ಲಿಯೂ ಪ್ರೊಬೇಷನ್ ಅಧಿಕಾರಿಗಳಿಗೆ ಸರ್ಕಾರದ ಸಂಬಳವಿರಲಿಲ್ಲ. ಒಳ್ಳೆಯ ಮನಸ್ಸೇ ಅರ್ಹತೆಯೆಂದು ತಿಳಿದ ದಿನಗಳವು. ಆದರೆ ವಿಶ್ವಸಂಸ್ಥೆ 1985ರಲ್ಲಿ ಅಂಗೀಕರಿಸಿದ, ಮಕ್ಕಳ ನ್ಯಾಯ ವ್ಯವಸ್ಥೆ ಕುರಿತ ಬೀಜಿಂಗ್ ನಿಯಮಗಳ 22ನೆಯ ನಿಯಮವು ಮಕ್ಕಳ ಪ್ರಕರಣಗಳನ್ನು ನಿರ್ವಹಿಸುವ ಎಲ್ಲ ಸಿಬ್ಬಂದಿಗೂ ವೃತ್ತಿಶಿಕ್ಷಣ, ಸೇವಾನಿರತ ತರಬೇತಿ ಮತ್ತು ಪುನಶ್ಚೇತನ ಪಾಠಗಳು ಇರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ತೊಡಕಿರುವುದು ಹಿರಿಯರ ಸಮಯದಲ್ಲಿ. ಅವರ ಪ್ರಕರಣಗಳ ಸಂಖ್ಯೆಯನ್ನು ಇಳಿಸದೆ ಹೊಸಬರನ್ನು ಅವರಿಗೆ ಅಂಟಿಸಿದರೆ ಆ ಏರ್ಪಾಡು ಆದೇಶದ ಹಾಳೆಯಲ್ಲಷ್ಟೇ ಉಳಿಯುತ್ತದೆ, ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆದ್ದರಿಂದ ತಾವು ಮೇಲಧಿಕಾರಿಗಳಿಗೆ ಬರೆಯುವಾಗ, ವಾರಕ್ಕೆ ಒಂದು ಭೇಟಿಗಾದರೂ ಒಬ್ಬ ಅನುಭವಿ ಜೊತೆಗೆ ಬರಲಿ ಎಂಬುದರೊಂದಿಗೆ, ಆ ಗಂಟೆಗಳನ್ನು ಇಬ್ಬರ ಕರ್ತವ್ಯದ ಅವಧಿಯಲ್ಲಿಯೇ ಲೆಕ್ಕ ಹಿಡಿಯಬೇಕೆಂದೂ ಕೇಳಿ. 22ನೆಯ ನಿಯಮವನ್ನು ಉಲ್ಲೇಖಿಸಿಯೇ ಕೇಳಿ.

— ಸಂಪಾದಕರು